ಒನಕೆಯಷ್ಟು ದುರ್ಬೀನು

"ಗುರುಗಳೇ, ನಾಳೆ ತಪಸ್ಸಿಗೆ ಬೆಟ್ಟ ಹತ್ತಬೇಕು. ನಿಮ್ಮ ಗ್ರಂಥ ಎಲ್ಲಾನೂ ಹೊತ್ಕೊಂಡು ಹೋಗ್ಲಾ, ಇಲ್ಲ ಚಿಕ್ಕದೊಂದು ಸಾಕಾ?" ಅಂತ ಶಿಷ್ಯ ಕೇಳಿದ.

ಗುರುಗಳು ಕೂತ್ಕೋ ಅಂದ್ರು.

ಒಬ್ಬ ಬೇಟೆಗಾರ ಇದ್ದ ಕಣಯ್ಯಾ. ಅವನ ಊರ ಕಾಡಿಗೆ ಒಂದು ಕರಡಿ ಬಂದು ಸೇರ್ಕೊಂಡಿತ್ತು. ಎಂಥಾ ಕರಡಿ! ಅದು ಆಕಳಿಸಿದ್ರೆ ಪಕ್ಕದೂರಲ್ಲಿ ದೀಪ ಆರ್ತಿತ್ತು. ನಗಬೇಡ, ನಾನೇ ನೋಡಿದೀನಿ. ಆಗಲೇ ಇಬ್ಬರನ್ನ ಸೀಳಿ ಹಾಕಿತ್ತು.

ಅದನ್ನ ದೂರದಿಂದಲೇ ಪತ್ತೆಹಚ್ಚೋಣ ಅಂತ ಬೇಟೆಗಾರ ಪೇಟೆಗೆ ಹೋಗಿ ದುರ್ಬೀನು ಕೇಳಿದ. ಅಂಗಡಿಯವನು ಎರಡು ತಂದಿಟ್ಟ. ಒಂದು ಕೊಳಲಿನಷ್ಟು. ಇನ್ನೊಂದು ಒನಕೆಯಷ್ಟು, ಅದರಲ್ಲಿ ನೋಡಿದ್ರೆ ಎದುರು ಬೆಟ್ಟದ ಇರುವೆ ಮೀಸೆ ತಿರುವೋದು ಕಾಣ್ತಿತ್ತು.

"ದೊಡ್ಡದೇ ಕೊಡು."

"ಹಾಗಾದ್ರೆ ಈ ಮೂರು ಕಾಲಿನ ಸ್ಟ್ಯಾಂಡೂ ಹೊರಬೇಕು ಸ್ವಾಮಿ. ಇಲ್ದಿದ್ರೆ ಒಳಗಿನ ನೋಟ ಕುಣಿಯುತ್ತೆ."

"ಅದನ್ನ ಬೇರೆ ಯಾರು ಹೊರ್ತಾರೆ? ನನ್ನ ಕೈ ಏನು ಬಾಳೆದಿಂಡಾ?"

ಸ್ಟ್ಯಾಂಡು ಅಲ್ಲೇ ಬಿಟ್ಟು ಬಂದ.

ಬೆಟ್ಟ ಹತ್ತಿದ. ಬೆಟ್ಟ ಅಂದ್ರೆ ಬೆಟ್ಟ. ಮೋಡ ಅದರ ಮೊಣಕಾಲಿಗೆ ಬರ್ತಿತ್ತು. ತುದಿ ಮುಟ್ಟೋ ಹೊತ್ತಿಗೆ ಹೆಗಲು ಕಿತ್ತುಬಂದಿತ್ತು, ಎದೆ ಕಮ್ಮಾರನ ತಿದಿ ಆಗಿತ್ತು. ಹೊತ್ತು ಇಳೀತಿತ್ತು. ಎದುರಿನ ಕಡಿದಾದ ಬಂಡೇಲಿ, ಹೆಜ್ಜೇನಿನ ಪಕ್ಕ, ಕರ್ರಗೆ ಏನೋ ಅಲ್ಲಾಡ್ತು.

ಬೇಟೆಗಾರನ ಎದೆ ಧಸಕ್ಕಂತು. ಯಾಕೆ ಗೊತ್ತಾ? ಅವನ ಹೆಂಡತಿಯ ತಮ್ಮ ಜೇನು ಕೀಳೋನು. ತಲೆಯಿಂದ ಕಾಲಿನವರೆಗೂ ಕರಿಕಂಬಳಿ ಹೊದ್ದು ಹಗ್ಗದಲ್ಲಿ ಇಳಿಯೋನು. ಕೂಗಿ ಕೇಳೋ ಹಾಗಿಲ್ಲ. ಹಗ್ಗದ ಮೇಲಿದ್ದಾಗ ಓಗೊಡಬಾರದು ಅಂತ ಅವರಲ್ಲಿ ಕಟ್ಟಲೆ. ಇನ್ನೊಂದು ಕಟ್ಟಲೆಯೂ ಇತ್ತು: ಬಾಮೈದ ಇಳಿದ್ರೆ ಮೇಲೆ ಹಗ್ಗ ಕಾಯೋನು ಭಾವನೇ ಆಗಬೇಕು.

'ನಾನು ಇಲ್ಲಿದೀನಿ. ನಾನಿಲ್ಲದೆ ಅವನು ಇಳಿಯಲ್ಲ. ಅಂದ್ಮೇಲೆ ಅದು ಕರಡಿನೇ.'

ಆದ್ರೂ ದುರ್ಬೀನು ಎತ್ತಿ ನೋಡಿದ. ಒಳಗೆ ಎಲ್ಲಾ ಕುಣೀತಿತ್ತು. ಕೂದಲು ಕಂಡ ಹಾಗಾಯ್ತು. ಕಿವಿ ಕಂಡ ಹಾಗಾಯ್ತು. ಉಗುರೂ! ದೊಡ್ಡ ದುರ್ಬೀನು ನೋಡು, ಅವನ ನಡುಕಾನೂ ದೊಡ್ಡದು ಮಾಡಿತ್ತು. ಅಷ್ಟರಲ್ಲಿ ಆ ಕರಿದು ಬಂಡೆಯ ಪೊಟರೆ ಕಡೆ ಸರೀತು. ಒಳಗೆ ಹೋದ್ರೆ ನಾಳೆ ಊರಲ್ಲಿ ಇನ್ನೊಂದು ಹೆಣ. ಒಂದು ಕೈ ಕೋವಿ ಹುಡುಕ್ತು. ದುರ್ಬೀನು ಹಿಡಿದಿದ್ದ ಇನ್ನೊಂದು ಕೈ ಸೋತುಹೋಯ್ತು. ಮೊಣಕಾಲು ಕುಸೀತು. ದುರ್ಬೀನು ಮುಂದಿದ್ದ ಕಲ್ಲಿನ ಮೇಲೆ ಕೂತ್ಕೊಳ್ತು. ಕಣ್ಣು ಇನ್ನೂ ಅದರಲ್ಲೇ ಇತ್ತು.

ಕುಣಿತ ನಿಂತುಹೋಯ್ತು.

ಒಂದು ಹಗ್ಗ ಕಾಣ್ತು. ಹಗ್ಗ ತಬ್ಬಿದ ಎರಡು ಬರಿಗಾಲು ಕಾಣ್ತು.

ಮನೇಲಿ ಬಾಮೈದ ಜೇನು ಹಿಂಡ್ತಾ ನಕ್ಕ. "ನಿನ್ನ ಕಾಯ್ತಾ ಕೂತಿದ್ರೆ ಭಾವ, ಆ ಜೇನು ಮೊಮ್ಮಕ್ಕಳನ್ನ ಕಂಡಿರೋದು. ಹಗ್ಗ ಮರಕ್ಕೆ ಬಿಗಿದು ಇಳಿದ್ಬಿಟ್ಟೆ." ಭಾವ ಆವತ್ತು ಉಣ್ಣಲಿಲ್ಲ.

ಶಿಷ್ಯನ ಮುಖ ಅರಳ್ತು. "ಹಾಗಾದ್ರೆ ದೊಡ್ಡದೇ ಸರಿ ಗುರುಗಳೇ! ಚಿಕ್ಕದಾಗಿದ್ರೆ ಆ ಕಾಲು ಕಾಣ್ತಾನೇ ಇರ್ಲಿಲ್ಲ."

ಗುರುಗಳು ಕೇಳಿದ್ರು: "ಆ ಕಲ್ಲನ್ನ ಅವನೇನು ಕೆಳಗಿಂದ ಹೊತ್ಕೊಂಡು ಹೋಗಿದ್ನಾ?"

ಶಿಷ್ಯ ಎದ್ದು ಹೋಗಿ ಚಿಕ್ಕ ಗ್ರಂಥ ಒಂದನ್ನ ಜೋಳಿಗೆಗೆ ಹಾಕ್ಕೊಂಡ.