ಬಿಳಿ ಕಂಬದೊಳಗಿನ ಇಟ್ಟಿಗೆ

ಅಮೆರಿಕದ ದಕ್ಷಿಣದಲ್ಲಿ, ಗುಲಾಮಗಿರಿಯ ಕಾಲದಲ್ಲಿ ಕಟ್ಟಿದ ಬಂಗಲೆಯೊಂದನ್ನು ಈಗಲೂ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಅದರ ಮುಂಬಾಗಿಲ ಬಿಳಿ ಕಂಬಕ್ಕೆ ತಾನು ಅಮೃತಶಿಲೆಯೆಂದೇ ನಂಬಿಕೆ. ನೋಡಲು ಬಂದವರೂ ಅಂಗಳದಲ್ಲೇ ನಿಂತು, ಕತ್ತೆತ್ತಿ ನೋಡಿ, ಹಾಗೆಯೇ ಅಂದುಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಗಾರೆ ಕೆಲಸದ ಲೂಥರ್ ಬಂದು ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದ. ಟೊಳ್ಳು ಸದ್ದು ಬಂದ ಕಡೆ ಹಳೇ ಗಾರೆಯನ್ನು ಕೆತ್ತಿ ತೆಗೆದ. ಒಳಗೊಂದು ಕೆಂಪು ಇಟ್ಟಿಗೆ ಕಾಣಿಸಿತು.

"ಯಾರು ನೀನು? ನನ್ನ ಮೈಯಲ್ಲಿ ನಿನಗೇನು ಕೆಲಸ?" ಎಂದು ಕಂಬ ಗದರಿತು.

"ನಿನ್ನನ್ನು ನಿಲ್ಲಿಸುವ ಕೆಲಸ, ಅಣ್ಣ. ನಿನ್ನ ಮೈತುಂಬ ನಾವೇ ಇದ್ದೇವೆ. ಮೇಲಿನ ಬಿಳುಪು ಬರೀ ಸುಣ್ಣ."

"ಜನ ಬರುವ ಹೊತ್ತಾಯಿತು. ಬೇಗ ಮುಚ್ಚಿಕೋ!"

ಅಷ್ಟರಲ್ಲಿ ಲೂಥರ್ ಇಟ್ಟಿಗೆಯ ಮೇಲೆ ನಾಲ್ಕು ಬೆರಳ ಗುರುತು ಕಂಡ. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಮಗುಚಿಟ್ಟ ಗುಲಾಮರ ಬೆರಳು. ಅವನ ಹಿರಿಯರೂ ಇಲ್ಲೇ ಗುಲಾಮರಾಗಿ ದುಡಿದವರು. ತನ್ನ ಬೆರಳುಗಳನ್ನು ಆ ಗುರುತಿನಲ್ಲಿಟ್ಟು ನೋಡಿದ. ಆಮೇಲೆ ಸುತ್ತಲೂ ಗಾರೆ ಮೆತ್ತಿ, ಆ ಒಂದು ಇಟ್ಟಿಗೆಯನ್ನು ಹಾಗೇ ಬಿಟ್ಟ.

"ಹಾಳಾಯಿತು ನನ್ನ ಅಂದ!" ಎಂದು ಕಂಬ ಗೋಳಾಡಿತು.

ಅವತ್ತು ಬಂದವರು ಅಂಗಳದಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಬಂದು, ಒಬ್ಬೊಬ್ಬರಾಗಿ ಇಟ್ಟಿಗೆಯ ಮೇಲೆ ಬೆರಳಿಟ್ಟು ನೋಡಿದರು.

ಸಂಜೆ ಕಂಬ ಮೆಲ್ಲಗೆ ಕೇಳಿತು: "ತಮ್ಮಾ, ಇಷ್ಟು ವರ್ಷ ಎಲ್ಲರೂ ನನ್ನನ್ನು ನೋಡಿದರು, ಒಬ್ಬರೂ ಮುಟ್ಟಿರಲಿಲ್ಲ. ನನ್ನೊಳಗೆ ನಿನ್ನಂಥವರು ಇನ್ನೂ ಎಷ್ಟು ಜನ ಇದ್ದೀರಿ?"