ಮಾವ ನಡೆಸದ ಮಂತ್ರಿ

"ಅಮ್ಮಾ, ಒಂದು ನಿಯಮವನ್ನೂ ಮುರಿಯದವನು ಪಾಪಿಯಾಗಬಹುದೇ?" ಎಂದು ಶಿಷ್ಯ ಕೇಳಿದ.

ಮಠದ ನೀಲಮ್ಮ ತಾಯಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಜಗಲಿಯ ಮೇಲೆ ಕೂತರು. "ಆಗದೇ ಏನು? ಕೇಳು," ಎಂದು ಈ ಕತೆ ಹೇಳಿದರು.

ಒಬ್ಬ ಚದುರಂಗಗಾರನಿದ್ದ. ಗ್ರ್ಯಾಂಡ್‌ಮಾಸ್ಟರ್ ಎಂಬ ದೊಡ್ಡ ಬಿರುದು ಅವನಿಗಿತ್ತು. ಬಿರುದು ಬಂದ ಮೇಲೆ ಅವನು ನಾಲ್ಕು ಜನರ ಎದುರು ಆಡುವುದನ್ನು ಬಿಟ್ಟ. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಆನ್‌ಲೈನಿನಲ್ಲಿ ಆಡುತ್ತಿದ್ದ. ಅಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ, ಹಾಗಾಗಿ ನಾಚಿಕೆಯ ಗೊಡವೆಯೂ ಇಲ್ಲ. ಗೆಲ್ಲುವ ಆಟವನ್ನು ಯಾರಾದರೂ ಗೆಲ್ಲುತ್ತಾರೆ. ಇವನು ಸೋಲುವ ಆಟವನ್ನೂ ಬಿಡುತ್ತಿರಲಿಲ್ಲ. ರಾಜನನ್ನು ಅತ್ತ ಒಂದು ಮನೆ, ಇತ್ತ ಒಂದು ಮನೆ ಓಡಾಡಿಸುತ್ತ, ಎದುರಾಳಿಯ ಗಡಿಯಾರ ಬರಿದಾಗುವವರೆಗೆ ಜಿಗಣೆಯ ಹಾಗೆ ಕಚ್ಚಿಕೊಂಡಿರುತ್ತಿದ್ದ. ಹೊತ್ತು ಮುಗಿದವನು ಸೋತ ಹಾಗೆ, ಅದು ಆ ಆಟದ ಕಟ್ಟು. ಹೀಗೆ ವರ್ಷವೆಲ್ಲ ಒಂದೂ ಆಟ ಸೋತಿರಲಿಲ್ಲ. ಅವನ ಹೆಸರಿನ ಕೆಳಗೆ 'ಸೋಲು: ಸೊನ್ನೆ' ಎಂದು ಇರುತ್ತಿತ್ತು. ಬೆಳಿಗ್ಗೆ ಎದ್ದವನು ಮೊದಲು ಆ ಸೊನ್ನೆಗೆ ಕೈ ಮುಗಿದೇ ಮುಖ ತೊಳೆಯುತ್ತಿದ್ದ.

ಇವನಿಗೆ ಆಟ ಕಲಿಸಿದವನು ಸೋದರಮಾವ. ತಾಯಿಯಿಲ್ಲದ ಕೂಸನ್ನು ಮನೆಗೆ ತಂದು, ಅನ್ನ ಹಾಕಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಕುದುರೆ ಹೀಗೆ ಹಾರುತ್ತದೆ ಮಗಾ ಎಂದು ತೋರಿಸಿದವನು. ಆ ಮಾವನಿಗೆ ಒಬ್ಬಳೇ ಮಗಳು. ತೊಟ್ಟಿಲಲ್ಲಿದ್ದಾಗಲೇ ಇವನಿಗೆಂದು ಮಾತಾಗಿತ್ತು. ಬಿರುದು ಬಂದದ್ದೇ ತಡ, ಅವಳ ಹಲ್ಲು ಉಬ್ಬಿರುವುದು ಇವನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಕಂಡಿರಲಿಲ್ಲ, ಪಾಪ! ಚದುರಂಗ ಸಂಘದ ಅಧ್ಯಕ್ಷನ ಮಗಳಿಗೆ ತಾಳಿ ಕಟ್ಟಿದ. ಸಾಕಿದ ಮಾವನಿಗೆ ಲಗ್ನಪತ್ರಿಕೆ ಅಂಚೆಯಲ್ಲಿ ಹೋಯಿತು. ಕೇರಿಯಲ್ಲಿ ಆಡಿಕೊಳ್ಳದ ಬಾಯಿಲ್ಲ. ಮಾವ ಮಾತು ಬಿಟ್ಟ.

ಮಾತು ಬಿಟ್ಟನೇ ಹೊರತು ಆಟ ಬಿಡಲಿಲ್ಲ. 'ಹಳೇ ಆನೆ' ಎಂದು ಸುಳ್ಳು ಹೆಸರಿಟ್ಟುಕೊಂಡು, ಮಗಳು ಶಾಲೆಗೆ ಪಾಠ ಹೇಳಲು ಹೋದ ಮೇಲೆ ಮಧ್ಯಾಹ್ನ ಆನ್‌ಲೈನಿಗೆ ಬಂದು ಅಳಿಯನನ್ನು ಆಟಕ್ಕೆ ಕರೆಯತೊಡಗಿದ. ನಾಲ್ಕು ನಡೆಗೇ ಅಳಿಯನಿಗೆ ಕೈ ಯಾರದೆಂದು ತಿಳಿಯಿತು. ಹೆಂಡತಿಯನ್ನು ಕರೆದು ತೋರಿಸಿ ನಕ್ಕ. ಮುದುಕನಿಗೆ ಕೈ ನಡುಕ. ಆಟದಲ್ಲಿ ಮೇಲಾದರೂ ಗಡಿಯಾರದಲ್ಲಿ ಸೋಲುತ್ತಿದ್ದ. ಸೋತವನು ಮರುದಿನ ಮತ್ತೆ ಬರುತ್ತಿದ್ದ. ಅವರಿಬ್ಬರ ನಡುವೆ ಉಳಿದಿದ್ದ ನಂಟು ಅದೊಂದೇ.

ಒಂದು ಮಧ್ಯಾಹ್ನ ಮಾವ ನಿಧಾನದ ಆಟಕ್ಕೆ ಕರೆದ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಹೊತ್ತು ಹೆಚ್ಚಿದರೆ ಮುದುಕನ ಕೈ ನಡುಕ ನಿಲ್ಲುತ್ತದೆಯೇ ಎಂದು ಇವನು ಒಪ್ಪಿದ. ಆ ದಿನ ಮಾವ ಅಳಿಯನನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿದ. ಇನ್ನು ಮಂತ್ರಿಯನ್ನು ಒಂದು ಮನೆ ಸರಿಸಿದರೆ ಇವನ ರಾಜನಿಗೆ ದಿಕ್ಕಿಲ್ಲ. ಮಾವನ ಗಡಿಯಾರದಲ್ಲಿ ಬೇಕಾದಷ್ಟು ಹೊತ್ತಿತ್ತು. ಸೊನ್ನೆ ಅಳಿಸಿಹೋಯಿತು ಎಂದು ಇವನು ಉಸಿರು ಹಿಡಿದು ಕೂತ.

ಮಂತ್ರಿ ಸರಿಯಲಿಲ್ಲ.

ಮಾವನ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಉರಿಯುತ್ತಲೇ ಇತ್ತು. ಆಸಾಮಿ ಅಲ್ಲೇ ಇದ್ದಾನೆ ಎಂದು ಅದರ ಅರ್ಥ. ಗಡಿಯಾರ ಮಾತ್ರ ಇಳಿಯುತ್ತಿತ್ತು. ನಿನ್ನೆ ಕಲಿತ ಮಗುವಿಗೂ ಕಾಣುವ ನಡೆ, ಕಲಿಸಿದವನಿಗೆ ಕಾಣದೇ? ಅಳಿಯ ಆ ಗಡಿಯಾರಕ್ಕೇ ಕಣ್ಣು ನೆಟ್ಟ.

ಕಾಫಿ ತಂದ ಹೆಂಡತಿ ನೋಡಿದಳು. "ಏನ್ರೀ, ಗೆಲ್ಲೋ ಮುದುಕರು ಹೀಗೆ ಸುಮ್ಮನೆ ಕೂತಿದ್ದಾರೆ? ಏನಾದರೂ ಆಯಿತೋ ಏನೋ. ಒಂದು ಫೋನ್ ಮಾಡಿ."

"ಆಟದ ನಡುವೆ ಎದುರಾಳಿ ಹತ್ತಿರ ಮಾತಾಡಬಾರದು. ನಿಯಮ."

"ನಿಮ್ಮ ನಿಯಮಕ್ಕಿಷ್ಟು! ನಾನೇನು ಆಟ ಆಡುತ್ತಿದ್ದೇನಾ? ಕೊಡಿ, ನಾನು ಮಾಡುತ್ತೇನೆ. ಪಕ್ಕದ ಮನೆಯವರಾದರೂ ಹೋಗಿ ನೋಡುತ್ತಾರೆ."

"ನೀನು ಮಾಡಿದರೂ ನಾನು ಮಾಡಿದ ಹಾಗೆಯೇ," ಎಂದು ಅವನು ಫೋನನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಸೋಲೊಪ್ಪಿಕೊಳ್ಳುವ ಗುಂಡಿ ಬೆರಳಿನ ಅಡಿಯಲ್ಲೇ ಇತ್ತು. ಒತ್ತಿದ್ದರೆ ಆಟ ಮುಗಿಯುತ್ತಿತ್ತು, ನಿಯಮವೂ ಮುಗಿಯುತ್ತಿತ್ತು. ಅವನು ಒತ್ತಲಿಲ್ಲ. ಕಾಫಿ ಆರಿತು. ಮಾವನ ಗಡಿಯಾರ ಇಳಿದು ಇಳಿದು ನಿಂತಿತು. 'ನೀವು ಗೆದ್ದಿರಿ' ಎಂದು ತೆರೆಯ ಮೇಲೆ ಬಂತು. ಆಮೇಲೆಯೇ ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟದ್ದು. ಆ ಕಡೆ ಯಾರೂ ಎತ್ತಲಿಲ್ಲ.

ಸಂಜೆ ಮಾವನ ಮಗಳೇ ಫೋನ್ ಮಾಡಿದಳು. ಲಗ್ನ ತಪ್ಪಿದ ಮೇಲೆ ಅದೇ ಮೊದಲು ಅವಳು ಮಾತಾಡಿದ್ದು.

"ಭಾವಾ, ಅಪ್ಪ ಹೋದರು. ಕುರ್ಚಿಯಲ್ಲೇ ಒರಗಿದ್ದರು, ಕೈ ಇನ್ನೂ ಮೌಸಿನ ಮೇಲಿತ್ತು. ಒರಗಿದ ಮೇಲೂ ಬಹಳ ಹೊತ್ತು ಜೀವ ಇದ್ದಿರಬೇಕು ಎಂದರು ಡಾಕ್ಟರು. ಪಕ್ಕದ ಮನೆಯಲ್ಲಿ ಎಲ್ಲರೂ ಇದ್ದರು ಭಾವಾ. ಏನು ಮಾಡುವುದು, ಯಾರಿಗೂ ಗೊತ್ತಾಗಲಿಲ್ಲ."

ಅವನು ಹೂಂ ಎಂದ. ಮಣ್ಣಿಗೆ ಹೋಗಿ ಹೆಣಕ್ಕೆ ಹೆಗಲೂ ಕೊಟ್ಟು ಬಂದ. ಸೊನ್ನೆ ಇವತ್ತಿಗೂ ಹಾಗೇ ಇದೆ.

ತಾಯಿ ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅಮ್ಮಾ, ಅಲ್ಲಿ ಮಾವ ಸಾಯುತ್ತಿದ್ದಾನೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದರೆ ಫೋನ್ ಮಾಡದೇ ಇರುತ್ತಿದ್ದನೇ?"

"ಸತ್ತಿದ್ದಾನೆ ಎಂದು ಗೊತ್ತಿದ್ದರೆ ಆಗಲೇ ಮಾಡುತ್ತಿದ್ದನೋ ಮಂಕೇ; ಬದುಕಿದ್ದು, ಎಚ್ಚೆತ್ತು ಮಂತ್ರಿ ಸರಿಸಿಬಿಟ್ಟಾನು ಎಂದೇ ಮಾಡಲಿಲ್ಲ."