ಹಲ್ಲಿಯ ಬಾಲ

ಸುಂಡಿಲಿಯ ಬಿಲ ತನ್ನದೆಂದು ಹೆಗ್ಗಣ ಹೇಳಿಕೆ ಕೊಟ್ಟಾಗ ಕೋರ್ಟಿನ ಗೋಡೆಯ ಹಲ್ಲಿ ಲೊಚಗುಟ್ಟಿತು. ಹಲ್ಲಿ ಲೊಚಗುಟ್ಟಿದ ಮೇಲೆ ಮಾತು ಸತ್ಯವೇ ಎಂದು ಸುಂಡಿಲಿಯನ್ನು ಬಿಲದಿಂದ ಹೊರಹಾಕಿದರು. ಹೆಗ್ಗಣ ಕೊಟ್ಟ ನೊಣ ತಿಂದು ಹಲ್ಲಿ ಸುಳ್ಳು ಸಾಕ್ಷಿ ನುಡಿದಿತ್ತೆಂದು ಸಾಬೀತು ಮಾಡುವಷ್ಟರಲ್ಲಿ ಸುಂಡಿಲಿಗೆ ಸಾಕುಸಾಕಾಯಿತು.

"ಕೋರ್ಟಿನಲ್ಲಿ ಬಾಲ ಬಿಚ್ಚಿದವರ ಬಾಲ ಕತ್ತರಿಸಲೇಬೇಕು," ಎಂದಿತು ನ್ಯಾಯಾಧೀಶ ಆಮೆ.

"ತಮಗೇಕೆ ಶ್ರಮ, ಮಹಾಸ್ವಾಮಿ," ಎಂದು ಹಲ್ಲಿ ತಾನೇ ಬಾಲ ಕಳಚಿ ಮೇಜಿನ ಮೇಲೆ ಹಾಕಿತು. ಬಾಲ ವಿಲವಿಲ ಒದ್ದಾಡಿತು. ಆಮೆಯ ಕಣ್ಣು ತುಂಬಿ ಬಂತು.

"ಇಂಥ ಪಶ್ಚಾತ್ತಾಪ ನಾನು ಕಂಡಿಲ್ಲ. ಕೇಸು ಮುಗಿಯಿತು."

"ನನ್ನ ಬಿಲ?" ಎಂದಿತು ಸುಂಡಿಲಿ.

"ಅದು ಬೇರೆ ಕೇಸು. ಹೊಸದಾಗಿ ಅರ್ಜಿ ಹಾಕು."

ಎರಡು ತಿಂಗಳಿಗೆ ಅರ್ಜಿ ವಿಚಾರಣೆಗೆ ಬಂತು. ಹೆಗ್ಗಣ ಮತ್ತೆ ಬಿಲ ತನ್ನದೆಂದಾಗ ಸುಂಡಿಲಿ ಗೋಡೆಯತ್ತ ಕತ್ತೆತ್ತಿತು. ಹೊಸ ಬಾಲದ ಹಲ್ಲಿ ನೊಣ ನುಂಗಿ ಗಂಟಲು ಸರಿಮಾಡಿಕೊಳ್ಳುತ್ತಿತ್ತು.